ಮುಟ್ಟಿನ ರಜೆಯ ಪುಸ್ತಕದಲ್ಲಿ ಇಲ್ಲದ ಹೆಸರುಗಳು: ಕಾರ್ಮಿಕ ಸಚಿವರಿಗೆ ಪೀಣ್ಯದಿಂದ ಒಂದು ಬಹಿರಂಗ ಪತ್ರ

ಮಾನ್ಯ ಕಾರ್ಮಿಕ ಸಚಿವರಿಗೆ, ಮತ್ತು ಡೈರಿ ಸರ್ಕಲ್ ಹತ್ತಿರದ ಕಾರ್ಮಿಕ ಭವನದಲ್ಲಿ ಕೂತು ನಮಗಾಗಿ ಆದೇಶ ಬರೆಯುವ ಅಧಿಕಾರಿಗಳಿಗೆ ನಮಸ್ಕಾರ.

ನಾನು ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ 19 ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಹೆಲ್ಪರ್ ಆಗಿ ಸೇರಿದೆ, ಟೈಲರ್ ಆದೆ, ಈಗ ಚೆಕ್ಕಿಂಗ್ ಟೇಬಲ್ ನೋಡಿಕೊಳ್ಳುತ್ತೇನೆ. ದೂರು ಸಮಿತಿಯಲ್ಲಿ ಕಾರ್ಮಿಕರ ಕಡೆಯ ಸದಸ್ಯೆ. ಹಾಗಾಗಿ ಮೂರು ಲೈನಿನ ಹೆಂಗಸರ ಕಷ್ಟಸುಖ ಊಟದ ಹೊತ್ತಿನಲ್ಲಿ ನನ್ನ ಡಬ್ಬಿ ಪಕ್ಕಕ್ಕೆ ಬಂದು ಕೂರುತ್ತೆ. ಈ ಪತ್ರವೂ ಅಲ್ಲಿಂದಲೇ ಹುಟ್ಟಿದ್ದು.

ಮೊದಲು ಥ್ಯಾಂಕ್ಸ್ ಹೇಳಬೇಕು. 2025ರ ಅಕ್ಟೋಬರ್‌ನಲ್ಲಿ ಸಚಿವ ಸಂಪುಟ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತು. ತಿಂಗಳಿಗೆ ಒಂದು ದಿನ, ವರ್ಷಕ್ಕೆ 12 ದಿನ, ಸಂಬಳ ಕಟ್ ಇಲ್ಲ. ಡಾಕ್ಟರ್ ಚೀಟಿಯೂ ಬೇಡ. ಬಿಹಾರದಲ್ಲಿ 1992ರಿಂದಲೇ ಸರ್ಕಾರಿ ನೌಕರಿಯ ಹೆಂಗಸರಿಗೆ ತಿಂಗಳಿಗೆ ಎರಡು ದಿನ ಇಂಥ ರಜೆ ಇದೆ. ನೀವು ಖಾಸಗಿ ಫ್ಯಾಕ್ಟರಿಯವರನ್ನೂ ಗುತ್ತಿಗೆಯವರನ್ನೂ ಸೇರಿಸಿದಿರಿ. ಹೋಟೆಲ್ ಮಾಲೀಕರ ಸಂಘ ಈ ರಜೆಯನ್ನು ಪ್ರಶ್ನಿಸಿ ಹೈಕೋರ್ಟ್‌ಗೆ ಹೋದಾಗ ನಮ್ಮ ಲೈನಿನಲ್ಲಿ ಎಷ್ಟು ಜನ ದಿನಾ ಮೊಬೈಲ್‌ನಲ್ಲಿ ಸುದ್ದಿ ನೋಡುತ್ತಿದ್ದರು ಗೊತ್ತಾ? ಅಷ್ಟು ಬೇಕಾಗಿತ್ತು ನಮಗೆ ಅದು. ಮುಟ್ಟಿನ ಮೊದಲ ದಿನ, ಟಾರ್ಗೆಟ್ ಮುಗಿಸಬೇಕು ಅಂತ ಹೊಟ್ಟೆಗೆ ದುಪ್ಪಟ್ಟಾ ಬಿಗಿದು ಕಟ್ಟಿಕೊಂಡು ಕಾಲರ್ ಹೊಲಿದವರು ನಾವು. ಮಾತ್ರೆ ನುಂಗಿ ನೀರು ಕುಡಿಯದೆ ಕೂರುತ್ತಿದ್ದೆವು. ನೀರು ಕುಡಿದರೆ ಟಾಯ್ಲೆಟ್‌ಗೆ ಹೋಗಬೇಕು. ಹೋದರೆ ಪೀಸ್ ಕಡಿಮೆ ಆಗುತ್ತೆ.

ರಜೆ ಬಂತು. ಜೊತೆಗೆ ಒಂದು ಪುಸ್ತಕವೂ ಬಂತು.

ನಮ್ಮ ಫ್ಲೋರಿನಲ್ಲಿ ಸೂಪರ್‌ವೈಸರ್ ಟೇಬಲ್ ಮೇಲೆ ಗೆರೆ ಹಾಕಿದ ಒಂದು ಉದ್ದನೆಯ ಪುಸ್ತಕ ಇಟ್ಟರು. ಎಡಗಡೆ ಹೆಸರು, ಬಲಗಡೆ ತಿಂಗಳುಗಳು. ರಜೆ ತಗೊಂಡ ತಾರೀಖಿಗೆ ಕೆಂಪು ಪೆನ್ನಿನಲ್ಲಿ ಒಂದು ಸುತ್ತು. ಪುಸ್ತಕ ತೆರೆದೇ ಇರುತ್ತಿತ್ತು. ಕಟಿಂಗ್ ಸೆಕ್ಷನ್ ಹುಡುಗರು ಬಂಡಲ್ ಇಳಿಸಲು ಬಂದಾಗ ಅದರ ಮೇಲೇ ಕೈ ಊರಿ ನಿಲ್ಲುತ್ತಿದ್ದರು. ಯಾರಿಗೆ ಯಾವಾಗ ಅಂತ ಇಡೀ ಫ್ಲೋರಿಗೆ ಗೊತ್ತು. ಎರಡನೇ ತಿಂಗಳು 'ಹೋದ ಸಲ ಏಳಕ್ಕೆ ಆಗಿತ್ತಲ್ಲಮ್ಮಾ, ಈ ಸಲ ಮೂರಕ್ಕೇ ಹೆಂಗಾಯ್ತು?' ಅಂತ ಒಬ್ಬ ಹುಡುಗಿಯನ್ನು ಎಲ್ಲರೆದುರು ಕೇಳಿದರು. ಆ ಹುಡುಗಿ ಮೂರನೇ ತಿಂಗಳು ರಜೆ ಕೇಳಲೇ ಇಲ್ಲ. ಹೊಟ್ಟೆ ಹಿಡಿದುಕೊಂಡು ಕೂತಿದ್ದಳು.

ಅದೇ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಎಲ್ಲ ಮನೆಗಳೂ ಖಾಲಿ. ಯಾಕೆ ಅಂತ ಹೇಳುತ್ತೇನೆ.

ನನಗೆ ಈಗ 45. ಗರ್ಭಕೋಶ ತೆಗೆಸಿ ಒಂಬತ್ತು ವರ್ಷ ಆಯಿತು. ಗಡ್ಡೆ ಇತ್ತು, ತಿಂಗಳಲ್ಲಿ ಹದಿನೈದು ದಿನ ರಕ್ತ ಹೋಗುತ್ತಿತ್ತು. ನಮ್ಮ ಏರಿಯಾದ ಒಂದು ನರ್ಸಿಂಗ್ ಹೋಮ್‌ಗೆ ಹೋದೆ. 'ಎರಡು ಮಕ್ಕಳಾಗಿವೆ ತಾನೇ, ಇನ್ನೇನು ಕೆಲಸ ಅದಕ್ಕೆ, ತೆಗೆಸಿಬಿಡಿ' ಅಂದರು. ಬೇರೆ ದಾರಿ ಇದೆಯಾ ಅಂತ ಕೇಳುವಷ್ಟು ತಿಳಿವಳಿಕೆ ನನಗಿರಲಿಲ್ಲ. ಹೇಳುವಷ್ಟು ಸಮಯ ಅವರಿಗಿರಲಿಲ್ಲ. ನಾನೊಬ್ಬಳೇ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ 100ಕ್ಕೆ ಮೂವರಿಗಿಂತ ಜಾಸ್ತಿ ಜನ ಗರ್ಭಕೋಶ ತೆಗೆಸಿಕೊಂಡಿದ್ದಾರೆ. ಕಲಬುರಗಿ ಕಡೆ ತಾಂಡಾಗಳ ಬಡ ಹೆಂಗಸರಿಗೆ ಬೇಕಿಲ್ಲದಿದ್ದರೂ ಆಪರೇಷನ್ ಮಾಡಿದ್ದು ದೊಡ್ಡ ಸುದ್ದಿಯಾಗಿತ್ತು, ನಿಮಗೂ ನೆನಪಿರಬಹುದು.

ಆಸ್ಪತ್ರೆಯಿಂದ ಮನೆಗೆ ಬಂದ ವಾರಕ್ಕೆ ನೋಡೋಕೆ ಬಂದ ನಮ್ಮ ಕಡೆಯ ಒಬ್ಬ ಹಿರಿಯರು ಮಂಚದ ಪಕ್ಕ ಕೂತು, ಎಳನೀರು ಕೊಟ್ಟು, ತಲೆ ಸವರಿ, 'ಪಾಪ, ಇಷ್ಟು ಚಿಕ್ಕ ವಯಸ್ಸಿಗೇ ಹೆಣ್ತನ ಮುಗೀತಲ್ಲೇ' ಅಂದರು. ಪ್ರೀತಿಯಿಂದಲೇ ಅಂದಿದ್ದು. ಆದರೆ ಆ ಮಾತು ಹೊಲಿಗೆಗಿಂತ ಜಾಸ್ತಿ ದಿನ ನೋಯಿತು. ಮುಟ್ಟಾಗುತ್ತಿದ್ದಾಗ ಇದೇ ಜನ ನನ್ನನ್ನು ದೇವರ ಮನೆ ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. ಉಪ್ಪಿನಕಾಯಿ ಜಾಡಿ ಮುಟ್ಟಬೇಡ, ತುಳಸಿಗೆ ನೀರು ಹಾಕಬೇಡ. ಮುಟ್ಟು ನಿಂತ ಮೇಲೆ ಹೆಣ್ಣೇ ಅಲ್ಲ ಅಂದರು. ಹಾಗಾದರೆ ನಾನು ಯಾವಾಗ ಸರಿಯಾದ ಹೆಣ್ಣಾಗಿದ್ದೆ ಅಂತ ಆಗ ತುಂಬಾ ಯೋಚನೆ ಮಾಡಿದ್ದೆ.

ಈ ಯೋಚನೆ ಮತ್ತೆ ಎದ್ದು ಬಂದದ್ದು ಹೋದ ವರ್ಷ. ನಮ್ಮ ಪ್ಯಾಕಿಂಗ್ ಸೆಕ್ಷನ್‌ಗೆ ಒಬ್ಬಳು ಹೊಸದಾಗಿ ಸೇರಿದಾಗ.

ಅವಳು ಕೊಪ್ಪಳದ ಕಡೆಯವಳು. ಗಂಡು ಮಗು ಅಂತ ಹೆಸರಿಟ್ಟರು, ಅವಳಿಗೆ ತಾನು ಹೆಣ್ಣು ಅಂತ ಚಿಕ್ಕಂದಿನಿಂದಲೇ ಗೊತ್ತಿತ್ತು. ಹದಿನಾರಕ್ಕೆ ಮನೆ ಬಿಟ್ಟಳು. ಬೆಂಗಳೂರಿಗೆ ಬಂದ ಮೇಲೆ ಏನೇನು ಮಾಡಿ ಬದುಕಿದಳು ಅಂತ ಅವಳೇ ಹೇಳಿದ್ದಾಳೆ, ಅದನ್ನು ನಾನು ಇಲ್ಲಿ ಬರೆಯುವುದಿಲ್ಲ. ಕೈ ಚುರುಕು. ಶರ್ಟ್ ಮಡಚಿ ಕಾಲರ್ ಕೆಳಗೆ ರಟ್ಟು ತೂರಿಸಿ ಕವರಿಗೆ ಹಾಕುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಮೊದಲ ದಿನವೇ ತೊಂದರೆ ಶುರುವಾಯಿತು. ತೊಂದರೆ ಕೆಲಸದ್ದಲ್ಲ, ಟಾಯ್ಲೆಟ್‌ದು.

ಹೆಂಗಸರ ಟಾಯ್ಲೆಟ್‌ಗೆ ಹೋದಾಗ ಒಳಗಿದ್ದ ಇಬ್ಬರು ಹೊರಗೆ ಬಂದರು. ಸಂಜೆ ಹೊತ್ತಿಗೆ ಹನ್ನೊಂದು ಜನ ಸಹಿ ಹಾಕಿದ ಅರ್ಜಿ ನನ್ನ ಕೈಗೆ ಬಂತು. ಎಲ್ಲರಿಗಿಂತ ಮುಂದೆ ನಿಂತವರು ನಾನು ತುಂಬಾ ಗೌರವಿಸುವ ಒಬ್ಬ ಅಮ್ಮ. ಶಿರಾ ಕಡೆಯ ಹಟ್ಟಿಯವರು, ನಮ್ಮ ಲೈನಿನ ಹಿರಿಯರು. ಅವರು ಹೇಳಿದ ಮಾತನ್ನು ನಾನು ಬದಲಾಯಿಸದೆ ಬರೆಯುತ್ತೇನೆ, ಯಾಕಂದರೆ ಇಂಥ ಮಾತು ಹೇಳುವವರನ್ನು ಸುಮ್ನೆ ಹಳೇ ಕಾಲದವರು ಅಂತ ತಳ್ಳಿಹಾಕುವುದು ನನಗೆ ಇಷ್ಟವಿಲ್ಲ.

'ನಾನು ಹನ್ನೆರಡು ವರ್ಷದೋಳು ಇದ್ದಾಗ ಮೊದಲ ಸಲ ಆಯ್ತು. ಊರಾಚೆ ಗುಡ್ಲಲ್ಲಿ ಬಿಟ್ರು. ಮಳೆ. ಚಾಪೆ ಎಲ್ಲಾ ನೆಂದೋಯ್ತು. ರಾತ್ರಿಯೆಲ್ಲಾ ಕೂತ್ಕಂಡೇ ಇದ್ದೆ, ಹಾವು ಬಂದಾತು ಅಂತ. ಊಟಾನ ದೂರದಿಂದ ಇಟ್ಟು ಹೋಗೋಳು ನಮ್ಮವ್ವ, ಮುಖ ನೋಡ್ದಂಗೆ. ಅವತ್ತಿಂದ ಪ್ರತಿ ತಿಂಗಳೂ ಹಂಗೇ. ಬಾಣಂತನಾನೂ ಅಲ್ಲೇ. ಹೆಣ್ಣಾಗಿ ಇಷ್ಟು ತಿಂದಿದೀನಿ ನಾನು. ಒಂದಿನಾನೂ ಮುಟ್ಟಾಗ್ದೋರು ಬಂದು ನಾನೂ ನಿನ್ನಂಗೇ ಹೆಣ್ಣು ಅಂದ್ರೆ ನನ್ನ ಹೊಟ್ಟೆ ಉರಿಯುತ್ತೆ ಕಣವ್ವಾ.'

ಇದಕ್ಕೆ ಏನು ಉತ್ತರ ಕೊಡುವುದು? ಇದು ಅವರ ಕಾಲದ ಕಥೆ ಅಂತ ಅನ್ನುವ ಹಾಗೂ ಇಲ್ಲ. 2023ರಲ್ಲಿ ತುಮಕೂರಿನ ಹತ್ತಿರದ ಒಂದು ಗೊಲ್ಲರಹಟ್ಟಿಯಲ್ಲಿ ಸೂತಕ ಅಂತ ಹಸಿ ಬಾಣಂತಿಯನ್ನು ಊರಾಚೆ ಗುಡಿಸಲಿನಲ್ಲಿ ಇಟ್ಟು, ಎಳೆ ಕೂಸು ಮಳೆ ಚಳಿಗೆ ತೀರಿಹೋಯಿತು. ಬೆಂಗಳೂರಿನಿಂದ ಎರಡು ಗಂಟೆ ದಾರಿ. ಎಂಟುನೂರು ವರ್ಷದ ಹಿಂದೆ ಶರಣರು ಐದು ಸೂತಕಗಳೂ ಸುಳ್ಳು ಅಂತ ಬಿಟ್ಟ ನಾಡು ಇದು. ಆ ಐದರಲ್ಲಿ ಮುಟ್ಟಿನ ಸೂತಕವೂ ಒಂದು. ನಮ್ಮ ಭಾಷೆಯಲ್ಲಿ ಆ ಪದವನ್ನೇ ನೋಡಿ. ಮುಟ್ಟು ಅಂತ ಕರೆಯುತ್ತೇವೆ, ಮುಟ್ಟಬೇಡ ಅಂತ ಪಾಲಿಸುತ್ತೇವೆ. ಇಷ್ಟೆಲ್ಲ ಅನುಭವಿಸಿದ ಒಬ್ಬ ಹೆಂಗಸು 'ಹೆಣ್ಣು ಅನ್ನೋ ಹೆಸರು ನನಗೆ ಪುಕ್ಕಟೆ ಬಂದಿದ್ದಲ್ಲ' ಅಂದರೆ ಅದರಲ್ಲಿ ಸತ್ಯ ಇದೆ. ನಾನು ಅದನ್ನು ಒಪ್ಪುತ್ತೇನೆ.

ಮಾರನೇ ದಿನ ಸಮಿತಿ ಕೂತಿತು. ಎಚ್.ಆರ್ ಮೇಡಂ, ನಾನು, ಆ ಅಮ್ಮ, ಇನ್ನಿಬ್ಬರು, ಮತ್ತು ಆ ಹುಡುಗಿ. ಅಮ್ಮ ಮಾತಾಡುವಾಗ 'ಅದು ಬಂತು, ಅದು ಹೋಯ್ತು' ಅನ್ನುತ್ತಿದ್ದರು. ನಮ್ಮ ಕನ್ನಡದಲ್ಲಿ ಒಂದು ಮಾತು ಮುಗಿಸಬೇಕಾದರೂ ಗಂಡೋ ಹೆಣ್ಣೋ ಹೇಳಲೇಬೇಕು. ಬಂದ, ಬಂದಳು. ಎರಡೂ ಬೇಡ ಅಂದರೆ ಕುರ್ಚಿಗೂ ನಾಯಿಗೂ ಹೇಳುವ ಹಾಗೆ ಬಂತು. ಆದರೆ ನಮ್ಮ ಭಾಷೆಯೇ ಇನ್ನೊಂದು ದಾರಿ ಕೊಟ್ಟಿದೆ: ಬಂದರು. ಅವರು ಬಂದರು. ಅತ್ತೆಗೂ ಅದೇ, ಮಾವನಿಗೂ ಅದೇ, ಮೇಷ್ಟ್ರಿಗೂ ಅದೇ. 'ಅಮ್ಮಾ, ಅವರು ಅನ್ನಿ ಸಾಕು, ಬೇರೆ ಏನೂ ಒಪ್ಪಿಕೊಳ್ಳಬೇಡಿ' ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಆಯ್ತು ಅಂದರು.

ಆ ಹುಡುಗಿ ಅಷ್ಟು ಹೊತ್ತೂ ತಲೆ ತಗ್ಗಿಸಿ, ಕೈಯಲ್ಲಿದ್ದ ಸೈಜ್ ಸ್ಟಿಕ್ಕರ್‌ಗಳ ರೋಲನ್ನು ಬಿಚ್ಚಿ ಸುತ್ತಿ, ಬಿಚ್ಚಿ ಸುತ್ತಿ ಮಾಡುತ್ತಿದ್ದಳು. ಕೊನೆಗೆ ಹೇಳಿದಳು. 'ನನಗ ಮುಟ್ಟಾಗಂಗಿಲ್ಲ ಅಂತ ನನಗೂ ಗೊತ್ತೈತ್ರಿ ಅಕ್ಕಾರ. ದಿನಾ ನೆನಪಾಗತೈತಿ. ಅಮ್ಮಾರು ಪಟ್ಟ ಕಷ್ಟ ನಾನು ಪಟ್ಟೀನಿ ಅಂತ ನಾ ಯಾವತ್ತೂ ಅಂದಿಲ್ಲ. ನನ್ನ ಕಷ್ಟ ಬ್ಯಾರೆ ಐತಿ. ಗಂಡಸರ ಟಾಯ್ಲೆಟ್‌ಗೆ ಹೋದ್ರ ಏನಾಗತೈತಿ ಅಂತ ನಿಮಗ ಗೊತ್ತಿಲ್ಲೇನ್ರಿ? ಬೆಳಿಗ್ಗೆಯಿಂದ ನಾ ನೀರ ಕುಡದಿಲ್ಲ.'

ನೀರು ಕುಡಿದಿಲ್ಲ ಅಂದದ್ದು ಕೇಳಿ ಕೋಣೆಯಲ್ಲಿದ್ದ ನಾವೆಲ್ಲ ಸುಮ್ಮನಾದೆವು. ಆ ಕೋಣೆಯಲ್ಲಿ ಅದು ಗೊತ್ತಿಲ್ಲದ ಹೆಂಗಸು ಯಾರೂ ಇರಲಿಲ್ಲ.

ಅವತ್ತಿನ ತೀರ್ಮಾನ ಇಷ್ಟೇ: ಅವಳು ಹೆಂಗಸರ ಟಾಯ್ಲೆಟ್‌ಗೇ ಹೋಗುವುದು, ಬಾಗಿಲ ಚಿಲಕ ಕೆಟ್ಟಿರುವ ಎರಡನ್ನು ಕಂಪನಿಯವರು ರಿಪೇರಿ ಮಾಡಿಸುವುದು. ಚಿಲಕ ಸರಿ ಇಲ್ಲದ್ದು ಜಗಳದ ಅರ್ಧ ಕಾರಣ ಅಂತ ಆಮೇಲೆ ಗೊತ್ತಾಯಿತು. ಬಾಗಿಲು ಭದ್ರವಾದ ಮೇಲೆ ಸಹಿ ಹಾಕಿದ ಹನ್ನೊಂದು ಜನರಲ್ಲಿ ಏಳೆಂಟು ಜನರ ದೂರು ಅಲ್ಲಿಗೇ ನಿಂತಿತು. ಅಮ್ಮನ ಮನಸ್ಸು ಬದಲಾಗಲಿಲ್ಲ, ಈಗಲೂ ಬದಲಾಗಿಲ್ಲ. ಪ್ರತಿ ಚೈತ್ರ ಹುಣ್ಣಿಮೆಗೆ ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿಗೆ ಕರಗ ನೋಡಲು ಹೋಗುತ್ತಾರೆ ಅವರು. ಕರಗ ಹೊರುವ ಗಂಡಸು ಬಳೆ ತೊಟ್ಟು, ಮಲ್ಲಿಗೆ ಮುಡಿದು, ಹೆಣ್ಣಾಗಿ ಬರುವಾಗ ಕೈ ಮುಗಿಯುತ್ತಾರೆ. ಇದನ್ನು ಒಬ್ಬ ಹುಡುಗಿ ಕೇಳಿಯೇ ಬಿಟ್ಟಳು. 'ಅದು ದ್ರೌಪದಮ್ಮ ಬರೋದು, ಅದು ಬೇರೆ' ಅಂದರು ಅಮ್ಮ. ಅವರ ಮಟ್ಟಿಗೆ ಅದು ಬೇರೆಯೇ. ಆದರೆ ಪ್ಯಾಕಿಂಗ್ ಹುಡುಗಿಗೆ ಜ್ವರ ಬಂದ ದಿನ ಗಂಜಿ ತಂದುಕೊಟ್ಟವರೂ ಅವರೇ. ಎರಡೂ ಒಂದೇ ಮನುಷ್ಯರಲ್ಲಿ ಇರಬಹುದು ಅಂತ ನಾನು ಅವರಿಂದ ಕಲಿತೆ.

ಕಾನೂನು ಏನು ಹೇಳುತ್ತೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ತಾನು ಗಂಡೋ ಹೆಣ್ಣೋ ಬೇರೆಯೋ ಅಂತ ಹೇಳಿಕೊಳ್ಳುವ ಹಕ್ಕು ಆ ಮನುಷ್ಯರದೇ ಅಂತ ಸುಪ್ರೀಂ ಕೋರ್ಟ್ 2014ರ ಏಪ್ರಿಲ್ 15ರಂದು ತೀರ್ಪು ಕೊಟ್ಟಿತು. 2021ರಲ್ಲಿ ಸರ್ಕಾರಿ ಕೆಲಸದಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ 1% ಮೀಸಲಾತಿ ತಂದ ರಾಜ್ಯ ನಮ್ಮದು. ಶಕ್ತಿ ಯೋಜನೆಯ ಫ್ರೀ ಬಸ್ಸಿನಲ್ಲೂ ಅವರನ್ನು ಸೇರಿಸಿದ್ದೀರಿ. ಇದೇ ಸಮುದಾಯದ ಜೋಗತಿ ನೃತ್ಯ ಕಲಾವಿದೆ ಮಂಜಮ್ಮ ಜೋಗತಿ ಅವರು ಪದ್ಮಶ್ರೀ ತಗೊಳ್ಳುವಾಗ ಸೆರಗಿನಿಂದ ರಾಷ್ಟ್ರಪತಿಯವರಿಗೆ ದೃಷ್ಟಿ ತೆಗೆದ ವಿಡಿಯೋವನ್ನು ನಮ್ಮ ಲೈನಿನಲ್ಲಿ ಎಲ್ಲರೂ ಎಲ್ಲರಿಗೂ ಕಳಿಸಿದ್ದರು. ಅಷ್ಟು ಹೆಮ್ಮೆ ಪಟ್ಟ ನಾವೇ, ಪಕ್ಕದ ಬಾಗಿಲಿಗೆ ಬಂದಾಗ ಅರ್ಜಿ ಬರೆದೆವು.

ಈಗ ನಿಮ್ಮ ಆದೇಶಕ್ಕೆ ನೇರವಾಗಿ ಸಂಬಂಧಪಟ್ಟ ಮಾತಿಗೆ ಬರುತ್ತೇನೆ. ಇದನ್ನು ಹೇಳಲೆಂದೇ ಇಷ್ಟು ಬರೆದೆ.

ನಮ್ಮ ಐರನ್ ಸೆಕ್ಷನ್‌ನಲ್ಲಿ ಒಬ್ಬ ಹುಡುಗ ಇದ್ದಾನೆ. ವಯಸ್ಸು ಇಪ್ಪತ್ತಾರು. ಸಣ್ಣಗೆ ಗಡ್ಡ, ದಪ್ಪ ಧ್ವನಿ, ಕ್ರಿಕೆಟ್ ಅಂದರೆ ಪ್ರಾಣ. ಎಲ್ಲರಿಗೂ ಅವನು ಹುಡುಗನೇ. ಒಂದು ಮಧ್ಯಾಹ್ನ ಅವನ ಮುಖ ಬಿಳಿಚಿಕೊಂಡಿತ್ತು. ಸ್ಟೀಮ್ ಟೇಬಲ್ ಅಂಚು ಹಿಡಿದು ಬಗ್ಗಿ ನಿಂತಿದ್ದ. ಗ್ಯಾಸ್ಟ್ರಿಕ್ ಇರಬೇಕು ಅಂತ ಮಜ್ಜಿಗೆ ತಂದುಕೊಟ್ಟೆ. 'ಅಕ್ಕಾ, ಒಂದು ವಿಷಯ ಹೇಳ್ಲಾ?' ಅಂದ. ಮೆಟ್ಟಿಲ ಕೆಳಗೆ, ಖಾಲಿ ಕಾರ್ಟನ್ ಬಾಕ್ಸ್‌ಗಳ ಹಿಂದೆ ನಿಂತು ಹೇಳಿದ. ಅವನು ಹೆಣ್ಣು ಮಗು ಅಂತ ಹುಟ್ಟಿದವನು. ಆಧಾರ್‌ನಲ್ಲಿ ಈಗಲೂ ಹಾಗೇ ಇದೆ, ಎಚ್.ಆರ್‌ನಲ್ಲಿ ಒಬ್ಬರಿಗೆ ಮಾತ್ರ ಗೊತ್ತು. ಹಾರ್ಮೋನ್ ಇಂಜೆಕ್ಷನ್ ತಗೊಂಡರೆ ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ಮುಟ್ಟು ನಿಲ್ಲುತ್ತೆ ಅಂತ ಡಾಕ್ಟರ್ ಹೇಳಿದ್ದಾರೆ. ಆದರೆ ದುಡ್ಡಿಲ್ಲದ ತಿಂಗಳು ಇಂಜೆಕ್ಷನ್ ತಪ್ಪುತ್ತೆ. ತಪ್ಪಿದರೆ ಮತ್ತೆ ಬರುತ್ತೆ, ಯಾವಾಗ ಅಂತ ಗೊತ್ತಾಗಲ್ಲ.

ಅವತ್ತು ಬಂದಿತ್ತು.

'ಪ್ಯಾಡ್ ಏನು ಮಾಡ್ತೀಯಪ್ಪಾ?' ಅಂತ ಕೇಳಿದೆ. ಅವನು ಊಟದ ಬ್ಯಾಗಿನ ಜಿಪ್ ತೆಗೆದು ತೋರಿಸಿದ. ಸ್ಟೀಲ್ ಡಬ್ಬಿ, ಅದರ ಪಕ್ಕ ನೀರಿನ ಬಾಟಲಿ, ಅದರ ಹಿಂದೆ ಹಳೇ ಪೇಪರಿನಲ್ಲಿ ಸುತ್ತಿ, ಮೇಲೆ ಪ್ಲಾಸ್ಟಿಕ್ ಕವರ್ ಹಾಕಿ, ಪ್ಯಾಕಿಂಗ್ ಟೇಪ್ ಅಂಟಿಸಿದ ಒಂದು ಪುಟ್ಟ ಪೊಟ್ಟಣ. ಗಂಡಸರ ಟಾಯ್ಲೆಟ್‌ನಲ್ಲಿ ಪ್ಯಾಡ್ ಹಾಕಲು ಕಸದ ಡಬ್ಬಿ ಇಲ್ಲ. ನಮ್ಮ ಹಳೇ ಕಾರ್ಖಾನೆ ಕಾಯ್ದೆ 1948ರದು. ಗಂಡಸರಿಗೆ ಬೇರೆ ಹೆಂಗಸರಿಗೆ ಬೇರೆ ಟಾಯ್ಲೆಟ್ ಇರಬೇಕು ಅಂತ ಅದರಲ್ಲಿತ್ತು, ಒಳ್ಳೆಯದೇ. ಆದರೆ ಗಂಡಸರ ಟಾಯ್ಲೆಟ್‌ನಲ್ಲಿ ಯಾರಾದರೂ ಪ್ಯಾಡ್ ಬದಲಾಯಿಸಬಹುದು ಅಂತ ಆಗ ಯಾರು ಯೋಚಿಸಿದ್ದರು? ಹಾಗಾಗಿ ಬಳಸಿದ ಪ್ಯಾಡನ್ನು ಊಟದ ಡಬ್ಬಿ ಜೊತೆ ಇಟ್ಟುಕೊಂಡು, ಎಂಟು ಗಂಟೆ ನಿಂತು ಐರನ್ ಮಾಡಿ, ಬಸ್ಸಿನಲ್ಲಿ ಲಗ್ಗೆರೆಗೆ ತಗೊಂಡು ಹೋಗಿ, ಅಲ್ಲಿ ಕಸದ ಆಟೋಗೆ ಹಾಕುತ್ತಾನೆ. ಬಸ್ಸಿನಲ್ಲಿ ಆಧಾರ್ ತೋರಿಸಿದರೆ ಫ್ರೀ ಟಿಕೆಟ್ ಸಿಗುತ್ತೆ. ಅವನು ತೋರಿಸಲ್ಲ. ದುಡ್ಡು ಕೊಟ್ಟು ಟಿಕೆಟ್ ತಗೊಳ್ಳುತ್ತಾನೆ. 'ತೋರಿಸಿದ್ರೆ ಕಂಡಕ್ಟರ್ ಒಂದ್ಸಲ ಕಾರ್ಡ್ ನೋಡ್ತಾರೆ, ಒಂದ್ಸಲ ಮುಖ ನೋಡ್ತಾರೆ ಅಕ್ಕಾ. ಆಮೇಲೆ ಪಕ್ಕದ ಸೀಟಿನೋರೂ ನೋಡ್ತಾರೆ' ಅಂದ.

ಅವನ ಒಪ್ಪಿಗೆ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಒಂದೆರಡು ವಿಷಯ ಬದಲಾಯಿಸಿದ್ದೇನೆ. ಈ ಭಾಗವನ್ನು ಓದಿ ಹೇಳಿದಾಗ 'ಬರೀರಿ ಅಕ್ಕಾ, ಆದ್ರೆ ಪಾಪ ಅಂತ ಬರೀಬೇಡಿ' ಅಂದ.

ನಿಮ್ಮ ಆದೇಶದಲ್ಲಿ 18ರಿಂದ 52 ವರ್ಷದ 'ಮಹಿಳಾ ನೌಕರರು' ಅಂತ ಇದೆ. ಆ ಲೆಕ್ಕದಲ್ಲಿ, ಗರ್ಭಕೋಶವೇ ಇಲ್ಲದ ನನಗೆ ಆ ಪುಸ್ತಕದಲ್ಲಿ ಒಂದು ಸಾಲು ಇದೆ. ತಿಂಗಳು ತಿಂಗಳು ಹೊಟ್ಟೆ ಹಿಡಿದು ನಿಲ್ಲುವ ಈ ಹುಡುಗನಿಗೆ ಇಲ್ಲ. ಅವನು ರಜೆ ಬೇಕು ಅಂದರೆ ಎಲ್ಲರೆದುರು ತಾನು ಹೆಂಗಸು ಅಂತ ಬರೆದು ಸಹಿ ಹಾಕಬೇಕು. ಹಾಕಿದ ದಿನವೇ ಐರನ್ ಸೆಕ್ಷನ್‌ನಲ್ಲಿ ಅವನ ಬದುಕು ಮುಗಿಯುತ್ತೆ. ಹಾಗಾಗಿ ಹಾಕಲ್ಲ.

ಇದನ್ನು ಊಟದ ಹೊತ್ತಲ್ಲಿ, ಅವನ ವಿಷಯ ಎತ್ತದೆ, ಹೀಗೂ ಇರುವವರು ಇದ್ದಾರೆ ಅಂತ ಮಾತಾಡಿದಾಗ ನಮ್ಮವರಲ್ಲೇ ಎರಡು ಪಂಗಡ ಆಯಿತು. ಡಿಗ್ರಿ ಓದುತ್ತಿರುವ ನನ್ನ ಮಗಳು ಮನೆಯಲ್ಲಿ 'ಮಹಿಳೆ ಅಂತ ಯಾಕಮ್ಮಾ ಬೇಕು, ಮುಟ್ಟಾಗುವ ನೌಕರರು ಅಂತ ಬರೆದರೆ ಆಯ್ತಲ್ವಾ' ಅಂದಳು. ಲೈನಿನಲ್ಲಿ ಹೇಳಿದೆ. ಅಮ್ಮನಿಗೆ ಸಿಟ್ಟು ಬಂತು. 'ಇಷ್ಟು ವರ್ಷಕ್ಕೆ ಒಂದು ಸರ್ಕಾರಿ ಕಾಗದದಾಗೆ ಹೆಂಗಸ್ರು ಅಂತ ನಮ್ಮ ಹೆಸರು ಬಂದೈತೆ, ಅದನ್ನೂ ಕಿತ್ಕಂತೀರಾ?' ಇದು ಪೀಣ್ಯದ ಜಗಳ ಮಾತ್ರ ಅಲ್ಲ. ಬ್ರಿಟನ್ನಿನಲ್ಲಿ ಹೆಣ್ಣು ಅಂದರೆ ಯಾರು ಅನ್ನುವ ಪ್ರಶ್ನೆ ಸುಪ್ರೀಂ ಕೋರ್ಟ್ ತನಕ ಹೋಗಿ, ಅಲ್ಲಿನ ಸಮಾನತೆ ಕಾಯ್ದೆಯ ಮಟ್ಟಿಗೆ ಹುಟ್ಟಿನ ಲಿಂಗವೇ ಲೆಕ್ಕಕ್ಕೆ ಅಂತ 2025ರ ಏಪ್ರಿಲ್‌ನಲ್ಲಿ ತೀರ್ಪು ಬಂತು. ನಮ್ಮ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದ್ದು ಬೇರೆ. ದೊಡ್ಡ ದೊಡ್ಡ ನ್ಯಾಯಾಧೀಶರೇ ಒಂದೊಂದು ಕಡೆ ಒಂದೊಂದು ಹೇಳುವಾಗ ನಮ್ಮ ಲೈನಿನವರು ಒಂದೇ ಮಾತಿಗೆ ಬರಬೇಕು ಅಂತ ನಾನು ಕೇಳುವುದಿಲ್ಲ.

ನನ್ನ ಮಾತು ಒಂದೇ. ಮುಟ್ಟು ಮೈಗೆ ಸಂಬಂಧಿಸಿದ್ದು. ನೋವು ಯಾರ ಹೊಟ್ಟೆಯಲ್ಲಿದೆಯೋ ರಜೆ ಅವರಿಗೆ ಸಿಗಲಿ. ಯಾರು ಹೆಣ್ಣು ಅಂತ ಅಳೆಯುವ ಕೋಲಾಗಿ ಅದನ್ನು ಬಳಸಬೇಡಿ. ಬಳಸಿದರೆ ಏಟು ಬೀಳುವುದು ಪ್ಯಾಕಿಂಗ್ ಹುಡುಗಿಗೆ ಮಾತ್ರ ಅಲ್ಲ. ನಮ್ಮ ಬೀದಿಯಲ್ಲಿ ಒಬ್ಬ ಹುಡುಗಿಗೆ ಹದಿನೇಳಾದರೂ ಮೈ ನೆರೆಯಲಿಲ್ಲ. ಸ್ಕ್ಯಾನಿಂಗ್ ಮಾಡಿಸಿದರೆ ಹುಟ್ಟಿನಿಂದಲೇ ಗರ್ಭಕೋಶ ಇಲ್ಲ. ಸುಮಾರು 5,000 ಹೆಣ್ಣು ಮಕ್ಕಳಲ್ಲಿ ಒಬ್ಬರಿಗೆ ಹೀಗಿರುತ್ತೆ ಅಂತ ಡಾಕ್ಟರ್ ಹೇಳಿದರಂತೆ. ಆರತಿ ಮಾಡಿ, ಚಿಗಳಿ ಉಂಡೆ ಕೊಟ್ಟು, ಅಜ್ಜಿ ಎತ್ತಿಟ್ಟಿದ್ದ ರೇಷ್ಮೆ ಲಂಗ ಉಡಿಸಬೇಕು ಅಂತ ಕಾಯುತ್ತಿದ್ದ ಮನೆ ಅದು. ಕೊನೆಗೆ ಅವಳ ತಾಯಿ ಒಂದು ಶುಕ್ರವಾರ ಯಾರನ್ನೂ ಕರೆಯದೆ ಆ ಲಂಗ ಉಡಿಸಿ, ಹೂ ಮುಡಿಸಿ, ಬಾಗಿಲು ಹಾಕಿಕೊಂಡು ಆರತಿ ಮಾಡಿದರು. ಪಕ್ಕದ ಮನೆಯವಳಾಗಿ ನಾನೊಬ್ಬಳು ಹೋಗಿದ್ದೆ. ಆ ಹುಡುಗಿಯನ್ನು ಹೆಣ್ಣಲ್ಲ ಅನ್ನಲು ನನಗೆ ಬಾಯಿ ಬರಲ್ಲ. ನನ್ನನ್ನು ಅನ್ನಿಸಿಕೊಳ್ಳಲೂ ನಾನು ತಯಾರಿಲ್ಲ.

ಇನ್ನೊಂದು ಭಯವೂ ಇದೆ. ಕೋಲು ಕೈಗೆ ಸಿಕ್ಕರೆ ಯಾರೋ ಒಬ್ಬರು ಅಳೆಯಲು ಬರುತ್ತಾರೆ. 2020ರಲ್ಲಿ ಗುಜರಾತಿನ ಭುಜ್‌ನಲ್ಲಿ, ಮುಟ್ಟಾಗಿದೆಯಾ ಅಂತ ನೋಡಲು ಹಾಸ್ಟೆಲ್ ಹುಡುಗಿಯರ ಬಟ್ಟೆ ಬಿಚ್ಚಿಸಿದರು. 2025ರ ಅಕ್ಟೋಬರ್‌ನಲ್ಲಿ, ನೀವು ನಮಗೆ ರಜೆ ಕೊಟ್ಟ ಅದೇ ತಿಂಗಳು, ಹರಿಯಾಣದ ರೋಹ್ಟಕ್‌ನಲ್ಲಿ ಸ್ವಚ್ಛತೆ ಕೆಲಸದ ಹೆಂಗಸರಿಗೆ ಮುಟ್ಟಾಗಿದ್ದಕ್ಕೆ ಸಾಕ್ಷಿ ಕೊಡಿ, ಪ್ಯಾಡ್ ಫೋಟೋ ಕಳಿಸಿ ಅಂದ ಸುದ್ದಿ ಓದಿ ನನಗೆ ಅವತ್ತು ಊಟ ಸೇರಲಿಲ್ಲ. ನಮ್ಮ ಫ್ಲೋರಿನ ಕೆಂಪು ಸುತ್ತಿನ ಪುಸ್ತಕ ಆ ದಾರಿಯಲ್ಲೇ ಇಟ್ಟ ಹೆಜ್ಜೆ ಅಂತ ನನಗೆ ಅನಿಸುತ್ತೆ.

ಹಾಗಾಗಿ ನಿಮ್ಮಲ್ಲಿ ನಾನು ಕೇಳುವುದು ಜಾಸ್ತಿ ಏನಿಲ್ಲ. ಆದೇಶದಲ್ಲಿ 'ಮಹಿಳಾ ನೌಕರರು' ಅನ್ನುವ ಮಾತು ಇರಲಿ, ಅಮ್ಮನಂಥವರು ಆ ಮಾತಿಗಾಗಿ ತುಂಬಾ ಕಾದಿದ್ದಾರೆ. ಅದರ ಪಕ್ಕದಲ್ಲಿ 'ಮತ್ತು ಮುಟ್ಟಾಗುವ ಇತರ ನೌಕರರು' ಅಂತ ಸೇರಿಸಿ. ಯಾರ ಹೆಸರನ್ನೂ ಕಿತ್ತುಕೊಂಡ ಹಾಗಾಗಲ್ಲ, ಐರನ್ ಸೆಕ್ಷನ್ ಹುಡುಗನೂ ಒಳಗೆ ಬರುತ್ತಾನೆ. ಈ ರಜೆಯನ್ನು ಬೇರೆ ಪುಸ್ತಕದಲ್ಲಿ ಬರೆಯಬಾರದು, ಉಳಿದ ರಜೆಗಳ ಜೊತೆಗೇ, ಅದೇ ರೀತಿ ದಾಖಲಾಗಬೇಕು, ಸಂಬಳ ಮಾಡುವವರ ಹೊರತು ಬೇರೆಯವರಿಗೆ ಕಾಣಬಾರದು ಅಂತ ಬರೆಯಿರಿ. ಇನ್‌ಸ್ಪೆಕ್ಷನ್‌ಗೆ ಬರುವ ನಿಮ್ಮ ಅಧಿಕಾರಿಗಳು ಫೈಲ್ ನೋಡುವ ಜೊತೆಗೆ ಟಾಯ್ಲೆಟ್ ಬಾಗಿಲಿನ ಚಿಲಕವನ್ನೂ ಒಮ್ಮೆ ಹಾಕಿ ತೆಗೆದು ನೋಡಲಿ. ನೀರು ಬರುತ್ತಾ ಅಂತ ನಲ್ಲಿ ತಿರುಗಿಸಲಿ.

ಮತ್ತೆ ಆ ಕಸದ ಡಬ್ಬಿ. ನಾವು ಆರು ಜನ ದುಡ್ಡು ಹಾಕಿ ಯಶವಂತಪುರ ಮಾರ್ಕೆಟ್ ಹತ್ತಿರ ಕಾಲಿನಿಂದ ಒತ್ತಿದರೆ ಮುಚ್ಚಳ ತೆರೆಯುವ ಒಂದು ಡಬ್ಬಿ ತಂದೆವು. ಅಮ್ಮನೂ ನೂರು ರೂಪಾಯಿ ಕೊಟ್ಟರು. ಯಾರಿಗಾಗಿ ಅಂತ ನಾನು ಹೇಳಲಿಲ್ಲ, ಅವರೂ ಕೇಳಲಿಲ್ಲ. ಎಚ್.ಆರ್‌ಗೆ ಹೇಳಿ ಗಂಡಸರ ಟಾಯ್ಲೆಟ್‌ನ ಕೊನೆಯ ಬಾಗಿಲ ಒಳಗೆ ಇಡಿಸಿದೆವು. ಹೌಸ್‌ಕೀಪಿಂಗ್ ಅಕ್ಕ ಮೂರು ದಿನ ಖಾಲಿ ಮಾಡಿದರು. ಪ್ಯಾಡ್ ಬಂದರೆ ಪೇಪರಿನಲ್ಲಿ ಸುತ್ತಿ, ಕೆಂಪು ಗುರುತು ಹಾಕಿ, ಹಸಿ ಕಸ ಒಣ ಕಸಕ್ಕೆ ಸೇರಿಸದೆ ಬೇರೆಯಾಗಿಯೇ ಕೊಟ್ಟರು. ನಾಲ್ಕನೇ ದಿನ ಕಂಟ್ರಾಕ್ಟರ್ ಬಂದು, ಗಂಡಸರ ಕಡೆ ಸ್ಯಾನಿಟರಿ ಕಸ ಎತ್ತುವುದು ನಮ್ಮ ಅಗ್ರಿಮೆಂಟ್‌ನಲ್ಲಿ ಇಲ್ಲ, ಯಾವ ರೂಲ್‌ನಲ್ಲಿದೆ ತೋರಿಸಿ ಅಂದರು. ತೋರಿಸಲು ನಮ್ಮ ಹತ್ತಿರ ಏನೂ ಇರಲಿಲ್ಲ.

ಡಬ್ಬಿ ಈಗ ನನ್ನ ಚೆಕ್ಕಿಂಗ್ ಟೇಬಲ್ ಕೆಳಗಿದೆ. ಅವನ ಊಟದ ಬ್ಯಾಗಿನಲ್ಲಿ ಮತ್ತೆ ಟೇಪ್ ರೋಲ್ ಇದೆ. ಆ ಒಂದು ರೂಲ್ ಬೇಗ ಬರೆದು ಕಳಿಸಿ ಸಾರ್.

ಇಂತಿ ನಿಮ್ಮ ವಿಶ್ವಾಸಿ,
ಪೀಣ್ಯದ ಒಬ್ಬ ಗಾರ್ಮೆಂಟ್ಸ್ ಕೆಲಸಗಾರ್ತಿ